ಸಿಡಿಯುವ ಬಂಡೆ, ಹಿಂಡುವ ಬಂಡೆ: ಆಳದ ಸುರಂಗದಲ್ಲಿ ಒತ್ತಡ ಅಳೆದು ಅಪಾಯವನ್ನು ಮೊದಲೇ ಗುರುತಿಸುವುದು ಹೇಗೆ?

ಕೆಜಿಎಫ್‌ನಲ್ಲಿ ಬೆಳೆದ ಹಿರಿಯರಿಗೆ ಈ ವಿಷಯ ಹೊಸದಲ್ಲ. ರಾತ್ರಿ ಹೊತ್ತು ನೆಲದಡಿಯಿಂದ ಗುಡುಗಿನಂಥ ಸದ್ದು ಬಂದು ಅಡುಗೆಮನೆಯ ಪಾತ್ರೆ ಅಲುಗಿದರೆ ಅದು ಭೂಕಂಪವಲ್ಲ, ಕೆಳಗೆಲ್ಲೋ ಬಂಡೆ ಸಿಡಿದಿದೆ ಎಂದು ಅವರಿಗೆ ಗೊತ್ತು. ಈ ಶಿಫ್ಟ್‌ಗೆ ಯಾರು ಇಳಿದಿದ್ದಾರೆ ಎಂಬುದೇ ಆಮೇಲಿನ ಮೊದಲ ಪ್ರಶ್ನೆ. ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿ ಸುಮಾರು 3.2 ಕಿ.ಮೀ. ಆಳಕ್ಕೆ ಇಳಿದಿತ್ತು. ಬಂಡೆ ಸಿಡಿಯುವ ಜಾಗವನ್ನು ಕಂಪನದಿಂದಲೇ ಪತ್ತೆ ಮಾಡುವ ಜಾಲ ಅಲ್ಲಿ 1970ರ ದಶಕದ ಕೊನೆಯಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರದ (ಬಿಎಆರ್‌ಸಿ) ನೆರವಿನಿಂದ ಕೆಲಸ ಶುರು ಮಾಡಿತ್ತು. 1988ರಲ್ಲಿ ಅಲ್ಲೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ, ಅಂದರೆ ಎನ್‌ಐಆರ್‌ಎಂ, ಹುಟ್ಟಿತು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಮುಚ್ಚಿದ ಮೇಲೂ ಖಾಲಿ ಸುರಂಗಗಳಲ್ಲಿ ನೀರು ತುಂಬುತ್ತಾ ಹೋದ ಹಾಗೆ ಕಂಪನಗಳು ದಾಖಲಾಗುತ್ತಲೇ ಇದ್ದವು. ಜನ ಮೇಲೆ ಬಂದರೆಂದು ಬಂಡೆ ಸುಮ್ಮನಾಗಲಿಲ್ಲ.

ಈಗ ಆ ವಿದ್ಯೆಗೆ ಕೆಲಸ ಇರುವುದು ಹಿಮಾಲಯದಲ್ಲಿ. ನಮ್ಮ ಕಡೆಯ ಸಿವಿಲ್, ಮೈನಿಂಗ್, ಜಿಯಾಲಜಿ ಓದಿದ ಹುಡುಗ ಹುಡುಗಿಯರು ಹಿಮಾಚಲ, ಉತ್ತರಾಖಂಡ, ಜಮ್ಮು, ಭೂತಾನದ ಸುರಂಗಗಳಿಗೆ ಹೋಗುತ್ತಾರೆ. ಅಲ್ಲಿ ಮುಟ್ಟಿದ ಮೊದಲ ವಾರದಲ್ಲೇ ಕೈಗೊಂದು ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೇ ಯಂತ್ರ), ಒಂದು ಎಕ್ಸೆಲ್ ಶೀಟು ಬರುತ್ತದೆ. ಆ ಶೀಟು ತುಂಬುವುದನ್ನೇ ಮಾನಿಟರಿಂಗ್ ಎಂದುಕೊಂಡವರನ್ನು ಬಹಳ ಜನ ನೋಡಿದ್ದೇನೆ. ಮೊದಲ ವರ್ಷ ನಾನೂ ಹಾಗೆಯೇ ಇದ್ದೆ. ಅಂಥವರಿಗಾಗಿ ಇದು.

ಮೊದಲ ಹೆಜ್ಜೆ: ಬಂಡೆಯ ಸ್ವಭಾವ ಯಾವುದು?

ಆಳದಲ್ಲಿ ಬಂಡೆ ಕೆಡುವುದು ಮುಖ್ಯವಾಗಿ ಎರಡು ರೀತಿ. ಗಟ್ಟಿಯಾದ, ಬಿರುಕು ಕಡಿಮೆ ಇರುವ ಕ್ವಾರ್ಟ್‌ಜೈಟ್, ಗ್ರಾನೈಟ್, ನೈಸ್, ಅಮೃತಶಿಲೆಗಳು ಶಕ್ತಿಯನ್ನು ಒಳಗೇ ಕೂಡಿಟ್ಟುಕೊಂಡು ಒಂದೇ ಸಲಕ್ಕೆ ಸಿಡಿಯುತ್ತವೆ. ಫಿಲೈಟ್, ಕಾಗೆಬಂಗಾರ ತುಂಬಿದ ಶಿಸ್ಟ್, ಫಾಲ್ಟ್‌ನಲ್ಲಿ (ಬಂಡೆ ಸರಿದ ಬಿರುಕಿನಲ್ಲಿ) ಅರೆದು ಪುಡಿಯಾದ ಕಲ್ಲು ಇವೆಲ್ಲ ಸಿಡಿಯುವುದಿಲ್ಲ. ಹಿಂಡಿದ ಹಾಗೆ ನಿಧಾನವಾಗಿ ಸುರಂಗದೊಳಕ್ಕೆ ಬರುತ್ತವೆ. ವಾರ, ತಿಂಗಳುಗಟ್ಟಲೆ ಬರುತ್ತಲೇ ಇರುತ್ತವೆ. ಉಕ್ಕಿನ ಕಮಾನನ್ನು ಮಡಚಿ ಹಾಕುತ್ತವೆ.

ಎರಡಕ್ಕೂ ಒಂದೇ ಉಪಕರಣದ ಪಟ್ಟಿ ಹಾಕುವುದು ಸೈಟ್‌ಗಳಲ್ಲಿ ಕಾಣುವ ದೊಡ್ಡ ತಪ್ಪು. ಹಿಂಡುವ ಬಂಡೆಗೆ ದಿನಕ್ಕೊಮ್ಮೆ ಗೋಡೆಯ ಚಲನೆ ಅಳೆದರೆ ಬೇಕಾದ್ದರಲ್ಲಿ ಹೆಚ್ಚಿನದು ಸಿಗುತ್ತದೆ. ಸಿಡಿಯುವ ಬಂಡೆಯ ಗೋಡೆ ಮಾತ್ರ ಸಿಡಿಯುವ ಹಿಂದಿನ ಗಂಟೆಯವರೆಗೂ ಎರಡು ಮಿಲಿಮೀಟರ್ ಕೂಡ ಅಲುಗದೆ ಇರಬಹುದು. ಅದನ್ನು ಟೋಟಲ್ ಸ್ಟೇಷನ್‌ನಲ್ಲಿ ನೋಡುತ್ತಾ ಕೂತರೆ ಏನೂ ಸಿಗುವುದಿಲ್ಲ, ಅದರ ಸದ್ದು ಕೇಳಬೇಕು. ಚೀನಾದ ಜಿನ್‌ಪಿಂಗ್-2 ಜಲವಿದ್ಯುತ್ ಯೋಜನೆಯಲ್ಲಿ ಸುರಂಗದ ಮೇಲೆ 2,500 ಮೀಟರಿನಷ್ಟು ಬೆಟ್ಟ ಇತ್ತು. 2009ರ ನವೆಂಬರ್ 28ರಂದು ಅಲ್ಲಿನ ನೀರು ಹೊರಹಾಕುವ ಸುರಂಗದಲ್ಲಿ ಬಂಡೆ ಸಿಡಿದು ಏಳು ಜನ ಸತ್ತರು, ಸುರಂಗ ಕೊರೆಯುವ ಯಂತ್ರ (ಟಿಬಿಎಂ) ಹೂತುಹೋಯಿತು. ಸ್ವಿಟ್ಜರ್ಲೆಂಡಿನ 57 ಕಿ.ಮೀ. ಉದ್ದದ ಗೋಟ್‌ಹಾರ್ಡ್ ಸುರಂಗದಲ್ಲಿ ಎರಡೂ ಸ್ವಭಾವ ಎದುರಾದವು. ಫೈಡೋ ಭಾಗದಲ್ಲಿ ಬಂಡೆ ಸಿಡಿದು 2006ರ ಮಾರ್ಚ್‌ನಲ್ಲಿ 2.4 ತೀವ್ರತೆಯ ಕಂಪನ ದಾಖಲಾಯಿತು. ಸೆಡ್ರುನ್ ಭಾಗದಲ್ಲಿ ಬಂಡೆ ಹಿಂಡುತ್ತದೆಂದು ಮೊದಲೇ ಲೆಕ್ಕ ಹಾಕಿ, ಸುತ್ತಲೂ ಸುಮಾರು 70 ಸೆಂ.ಮೀ. ವರೆಗೆ ಹೆಚ್ಚು ಅಗಲ ಕೊರೆದು, ಒಂದರೊಳಗೊಂದು ಜಾರುವ ಉಕ್ಕಿನ ಕಮಾನು ಹಾಕಿದರು. ಒಂದೇ ಸುರಂಗ, ಎರಡು ಬೇರೆ ರೋಗ, ಎರಡು ಬೇರೆ ಚಿಕಿತ್ಸೆ.

ಹಾಗಾಗಿ ಜಿಯಾಲಜಿಸ್ಟ್ ಕೊಟ್ಟ ಉದ್ದಸೀಳಿಕೆಯ ನಕ್ಷೆ ಹಿಡಿದು ಕೂತು, ಪ್ರತಿ ನೂರು ಮೀಟರಿಗೂ 'ಸಿಡಿ' ಅಥವಾ 'ಹಿಂಡು' ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಗೊತ್ತಾಗದ ಕಡೆ ಎರಡನ್ನೂ ಬರೆಯಿರಿ. ಗಟ್ಟಿ ಬಂಡೆಯೂ ಮೆತ್ತನೆಯದೂ ಕೂಡುವ ಗಡಿಗಳಿಗೆ, ಡೈಕ್‌ಗಳಿಗೆ (ಬಂಡೆಯನ್ನು ಸೀಳಿ ನಿಂತ ಬೇರೆ ಕಲ್ಲಿನ ಗೋಡೆಗಳಿಗೆ) ಕೆಂಪು ಗೆರೆ ಹಾಕಿ. ಒತ್ತಡ ಹೋಗಿ ಕೂರುವುದು ಗಟ್ಟಿ ಕಡೆಗೆ. ಕೆಜಿಎಫ್‌ನಲ್ಲೂ ಶಿಸ್ಟ್‌ನ ನಡುವೆ ಹಾಯ್ದ ಪೆಗ್ಮಟೈಟ್, ಡೈಕ್, ಫಾಲ್ಟ್‌ಗಳ ಆಸುಪಾಸು ಕೆಲಸಗಾರರಿಗೆ ಎಚ್ಚರಿಕೆಯ ಜಾಗಗಳೇ.

ಎರಡನೆಯದು: ಒಂದು ಹಾಳೆಯ ಲೆಕ್ಕ

ಸಾಫ್ಟ್‌ವೇರ್ ಆಮೇಲೆ. ಮೊದಲು ಕ್ಯಾಲ್ಕುಲೇಟರ್ ತೆಗೆಯಿರಿ.

ಮೇಲಿನ ಹೊರೆಯಿಂದ ಬರುವ ಲಂಬ ಒತ್ತಡ ಪ್ರತಿ ಮೀಟರಿಗೆ ಸುಮಾರು 0.027 ಮೆಗಾಪಾಸ್ಕಲ್. ಸಾವಿರ ಮೀಟರ್ ಅಂದರೆ 27 ಮೆಗಾಪಾಸ್ಕಲ್. ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ ಎರಡೂಮುಕ್ಕಾಲು ಕ್ವಿಂಟಲ್ ಭಾರ ಕೂತಂತೆ. ಅಡ್ಡ ಒತ್ತಡ ಇದಕ್ಕಿಂತ ಕಡಿಮೆಯೂ ಇರಬಹುದು, ಹೆಚ್ಚೂ ಇರಬಹುದು. ಭೂಫಲಕಗಳು ಒಂದನ್ನೊಂದು ಒತ್ತುತ್ತಿರುವ ಹಿಮಾಲಯದಲ್ಲಿ ಅದು ಲಂಬಕ್ಕಿಂತ ಹೆಚ್ಚಿರುವ ಜಾಗಗಳು ಸಾಕಷ್ಟಿವೆ.

ಒಂದು ಉದಾಹರಣೆ ಹಿಡಿಯೋಣ. 1,200 ಮೀಟರ್ ಆಳ, 6 ಮೀಟರ್ ವ್ಯಾಸದ ದುಂಡು ಸುರಂಗ, 150 ಮೆಗಾಪಾಸ್ಕಲ್ ಬಲದ ಕ್ವಾರ್ಟ್‌ಜೈಟ್. ಲಂಬ ಒತ್ತಡ ಸುಮಾರು 32. ಅಡ್ಡ ಒತ್ತಡ ಅದರ ಒಂದೂವರೆ ಪಟ್ಟು ಅಂದರೆ 49. ಸುರಂಗದ ಅಂಚಿನಲ್ಲಿ ಒತ್ತಡ ಅತಿ ಹೆಚ್ಚು ಎಷ್ಟಾಗುತ್ತದೆ? ದೊಡ್ಡದರ ಮೂರು ಪಟ್ಟಿನಿಂದ ಚಿಕ್ಕದನ್ನು ಕಳೆಯಿರಿ: ಸುಮಾರು 113. ಇಲ್ಲಿ ಅಡ್ಡ ಒತ್ತಡ ದೊಡ್ಡದಾದ್ದರಿಂದ ಅದು ಬೀಳುವುದು ನೆತ್ತಿಯಲ್ಲಿ ಮತ್ತು ತಳದಲ್ಲಿ. ಲಂಬ ಒತ್ತಡ ದೊಡ್ಡದಾಗಿದ್ದರೆ ಪಕ್ಕದ ಗೋಡೆಗಳಲ್ಲಿ ಬೀಳುತ್ತಿತ್ತು.

113ನ್ನು ಬಂಡೆಯ ಬಲ 150ರಿಂದ ಭಾಗಿಸಿದರೆ 0.75. ಈ ಅನುಪಾತ 0.4ರ ಆಸುಪಾಸು ಬಂದರೇ ಗಟ್ಟಿ ಬಂಡೆಯ ಅಂಚಿನಲ್ಲಿ ಚಕ್ಕೆ ಏಳಲು ಶುರುವಾಗುತ್ತದೆ. ಎಷ್ಟು ಆಳಕ್ಕೆ ಏಳುತ್ತದೆ ಎಂಬುದಕ್ಕೂ ಒಂದು ಒರಟು ಸೂತ್ರವಿದೆ. ಅನುಪಾತವನ್ನು 1.25ರಿಂದ ಗುಣಿಸಿ, 0.51 ಕಳೆದು, ತ್ರಿಜ್ಯದಿಂದ ಗುಣಿಸಿ. ನಮ್ಮ ಲೆಕ್ಕದಲ್ಲಿ ಸುಮಾರು 1.3 ಮೀಟರ್. ಅಂದರೆ ನೆತ್ತಿಯಲ್ಲಿ ಒಂದೂಕಾಲು ಮೀಟರಿಗೂ ಮಿಕ್ಕಿ ಬಂಡೆ ಒಡೆದು ಉದುರಬಹುದು, ಬಂಡೆಯನ್ನು ಹಿಡಿದು ಕಟ್ಟಲು ಒಂದೂವರೆ ಮೀಟರಿನ ಬೋಲ್ಟ್ (ರಂಧ್ರದೊಳಗೆ ಕೂರಿಸುವ ಉಕ್ಕಿನ ಸರಳು) ಹಾಕಿದರೆ ಒಡೆದ ಬಂಡೆಯನ್ನು ಒಡೆದ ಬಂಡೆಗೇ ಕಟ್ಟಿದಂತೆ. ಉಪಕರಣ ಎಲ್ಲಿ ಹಾಕಬೇಕು, ಕೆಲಸಗಾರ ಎಲ್ಲಿ ನಿಲ್ಲಬಾರದು ಎಂಬುದೂ ಈ ಅರ್ಧ ಗಂಟೆಯ ಲೆಕ್ಕದಲ್ಲೇ ಗೊತ್ತಾಗಿಬಿಡುತ್ತದೆ.

ಹಿಂಡುವ ಬಂಡೆಗೆ ಬೇರೆ ಲೆಕ್ಕ. ನಮ್ಮ ದೇಶದ ಸುರಂಗಗಳ ಅನುಭವದಿಂದಲೇ ಭವಾನಿ ಸಿಂಗ್ ಮತ್ತು ಸಂಗಡಿಗರು 1992ರಲ್ಲಿ ಕೊಟ್ಟ ಸೂತ್ರ ಸರಳ: ಬಂಡೆಯ ಗುಣಮಟ್ಟ ಸೂಚಿಸುವ 'ಕ್ಯೂ' ಅಂಕಿಯ ಘನಮೂಲವನ್ನು 350ರಿಂದ ಗುಣಿಸಿ. ಬಂದ ಮೀಟರಿಗಿಂತ ಸುರಂಗ ಆಳದಲ್ಲಿದ್ದರೆ ಬಂಡೆ ಹಿಂಡುವ ಸಂಭವ ಇದೆ. ಕ್ಯೂ 1 ಆದರೆ 350 ಮೀಟರ್, 0.1 ಆದರೆ 160ರ ಆಸುಪಾಸು. ಕೆಟ್ಟ ಬಂಡೆಗೆ 'ಆಳ' ಅನ್ನುವುದು ಎಷ್ಟು ಬೇಗ ಶುರುವಾಗುತ್ತದೆ ನೋಡಿ.

ಒತ್ತಡವನ್ನು ನಿಜವಾಗಿ ಅಳೆಯುವುದು

ಮೇಲಿನ 'ಒಂದೂವರೆ ಪಟ್ಟು' ನಾನು ಊಹಿಸಿಕೊಂಡ ಅಂಕಿ. ಸೈಟ್‌ನಲ್ಲಿ ಊಹೆ ನಡೆಯುವುದಿಲ್ಲ. ಅಳೆಯಲು ಚಾಲ್ತಿಯಲ್ಲಿರುವ ದಾರಿಗಳು ಎರಡು. ಹೈಡ್ರಾಲಿಕ್ ಫ್ರಾಕ್ಚರಿಂಗ್‌ನಲ್ಲಿ ಬಂಡೆಯಲ್ಲಿ ಕೊರೆದ ರಂಧ್ರದ ಒಂದು ಭಾಗವನ್ನು ಎರಡೂ ಕಡೆ ಮುಚ್ಚಿ ನೀರಿನ ಒತ್ತಡ ಏರಿಸುತ್ತಾರೆ. ಬಂಡೆ ಬಿರಿಯುವ ಒತ್ತಡ, ಪಂಪ್ ನಿಲ್ಲಿಸಿದಾಗ ಬಿರುಕು ಮುಚ್ಚುವ ಒತ್ತಡ, ಬಿರುಕಿನ ದಿಕ್ಕು ಈ ಮೂರರಿಂದ ಲೆಕ್ಕ ತೆಗೆಯುತ್ತಾರೆ. ಓವರ್‌ಕೋರಿಂಗ್‌ನಲ್ಲಿ ಸಣ್ಣ ರಂಧ್ರದೊಳಗೆ ಹಿಗ್ಗು ಕುಗ್ಗು ಅಳೆಯುವ ಸ್ಟ್ರೇನ್ ಗೇಜ್ ಅಂಟಿಸಿ, ಅದರ ಸುತ್ತ ದೊಡ್ಡ ಕೋರ್ (ಕಲ್ಲಿನ ಕೋಲು) ಕೊರೆದು ಬಿಡಿಸುತ್ತಾರೆ. ಒತ್ತಡದಿಂದ ಬಿಡುಗಡೆಯಾದ ಕಲ್ಲು ಎಷ್ಟು ಹಿಗ್ಗಿತು ಎಂಬುದನ್ನು ಗೇಜ್ ಹೇಳುತ್ತದೆ.

ಎರಡರಲ್ಲೂ ಪರೀಕ್ಷೆಯ ಜಾಗ ಸುರಂಗದ ಗೋಡೆಯಿಂದ ಒಂದೂವರೆ, ಎರಡು ವ್ಯಾಸದಷ್ಟು ಒಳಗಿರಬೇಕು. ಗೋಡೆಗೆ ಹತ್ತಿರ ಅಳೆದರೆ ಬೆಟ್ಟದ ಒತ್ತಡ ಸಿಗುವುದಿಲ್ಲ, ನಾವೇ ಕೊರೆದು ಕೆಡಿಸಿದ ಒತ್ತಡ ಸಿಗುತ್ತದೆ.

ದುಡ್ಡು ಖರ್ಚಿಲ್ಲದ ಮೂರನೆಯ ದಾರಿಯೂ ಒಂದಿದೆ, ಅದೇ ಕೋರ್ ಪೆಟ್ಟಿಗೆ ತೆರೆದು ನೋಡುವುದು. ಗಟ್ಟಿ ಬಂಡೆಯ ಕೋರ್ ಉದ್ದುದ್ದ ಕೋಲಾಗಿ ಬರುವ ಬದಲು ನಿಪ್ಪಟ್ಟು ಜೋಡಿಸಿಟ್ಟ ಹಾಗೆ ತೆಳು ಬಿಲ್ಲೆಗಳಾಗಿ ಬಂದಿದ್ದರೆ ಅಲ್ಲಿ ಒತ್ತಡ ಜಾಸ್ತಿ ಇದೆ ಎಂದರ್ಥ. ಬಿಲ್ಲೆ ತೆಳುವಾದಷ್ಟೂ ಒತ್ತಡ ಹೆಚ್ಚು. ಡ್ರಿಲ್ಲಿಂಗ್ ಹುಡುಗರು ಇದನ್ನು 'ಕೋರ್ ಒಡೆದಿದೆ, ಬಂಡೆ ಕೆಟ್ಟದ್ದು' ಎಂದು ಬರೆದುಬಿಡುತ್ತಾರೆ. ಬಂಡೆ ಚೆನ್ನಾಗಿಯೇ ಇದೆ. ತೊಂದರೆ ಇರುವುದೇ ಅದರಲ್ಲಿ.

ಕಣ್ಣು, ಕಿವಿ, ಹಾರೆ

ಸುರಂಗ ಕೊರೆಯಲು ನಾವೇ ಮಾಡುವ ಪ್ರತಿ ಸ್ಫೋಟದ ಬಳಿಕ ಫೇಸ್, ಅಂದರೆ ಸುರಂಗ ಮುಂದೆ ಸಾಗುವ ತುದಿಯ ಗೋಡೆ, ನೋಡಿ ಬರೆದಿಡುವುದು ಎಲ್ಲ ಉಪಕರಣಕ್ಕಿಂತ ಮುಂಚಿನ ಕೆಲಸ. ನೋಡಬೇಕಾದ್ದು: ಈರುಳ್ಳಿ ಸಿಪ್ಪೆಯಂತೆ ಗೋಡೆಗೆ ಸಮಾಂತರವಾಗಿ ಎದ್ದ ಹೊಸ ಚಕ್ಕೆ, ಡ್ರಿಲ್ ಮಾಡಿದ ರಂಧ್ರ ದುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿರುವುದು, ಶಾಟ್‌ಕ್ರೀಟ್‌ನಲ್ಲಿ (ಗೋಡೆಗೆ ಸಿಂಪಡಿಸಿದ ಕಾಂಕ್ರೀಟ್‌ನಲ್ಲಿ) ಬಿರುಕು, ಬೋಲ್ಟ್‌ನ ತಟ್ಟೆ ಬಟ್ಟಲಿನಂತೆ ಬಾಗಿರುವುದು. ನೀರಿನ ಮೇಲೂ ಕಣ್ಣಿರಲಿ. ಒಣಗಿದ್ದ ಫೇಸ್ ದಿಢೀರನೆ ಒಸರತೊಡಗಿದರೆ ಅಥವಾ ಬರುತ್ತಿದ್ದ ನೀರು ಕೆಸರು ಬಣ್ಣಕ್ಕೆ ತಿರುಗಿದರೆ ಮುಂದೆ ಫಾಲ್ಟ್ ಇರಬಹುದು. 9.02 ಕಿ.ಮೀ. ಉದ್ದದ ಅಟಲ್ ಸುರಂಗದಲ್ಲಿ ಸೇರಿ ನಾಲಾ ಕೆಳಗಿನ 587 ಮೀಟರಿನ ಒಂದು ಪಟ್ಟಿ ದಾಟಲು ವರ್ಷಗಳೇ ಹಿಡಿದವು. ಅಲ್ಲಿ ನೀರು, ಪುಡಿಬಂಡೆ ಎರಡೂ ಒಟ್ಟಿಗೆ ಬಂದಿದ್ದವು.

ಕೇಳಬೇಕಾದ್ದು ಸದ್ದು. ಹಿಮಾಚಲದ ಒಂದು ಸೈಟ್‌ನಲ್ಲಿ ನನಗೆ ಇದನ್ನು ಕಲಿಸಿದವರು ಅಲ್ಲಿನ ಫೋರ್ಮನ್. ಡ್ರಿಲ್ ನಿಲ್ಲಿಸಿ, ವೆಂಟಿಲೇಷನ್ ಫ್ಯಾನ್‌ನ ಗುಂಯ್‌ಗುಡುವಿಕೆಯೊಂದೇ ಉಳಿದಾಗ, ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಒಣ ತೊಗರಿ ಕಾಯಿ ಬಿಸಿಲಿಗೆ ಸಿಡಿದ ಹಾಗೆ ಚಟ್, ಚಟ್ ಎಂದು ಕೇಳಿತು. 'ಪತ್ಥರ್ ಬೋಲ್ ರಹಾ ಹೈ, ಸಾಬ್' ಅಂದರು. ಬಂಡೆ ಮಾತಾಡುತ್ತಿದೆ. ಆಮೇಲೆ ನಾವು ಹತ್ತು ನಿಮಿಷಕ್ಕೆ ಎಷ್ಟು ಸದ್ದು ಎಂದು ಗೀಟು ಹಾಕಿ ಎಣಿಸತೊಡಗಿದೆವು. ಗೀಟು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಅಷ್ಟೇ ಪ್ರಶ್ನೆ. ಚಟ್ ಎಂಬ ಸಣ್ಣ ಸದ್ದು ಡುಮ್ ಎಂಬ ಒಳಗಿನ ಸದ್ದಿಗೆ ತಿರುಗಿದರೆ ಎಣಿಸುತ್ತಾ ನಿಲ್ಲಬೇಡಿ, ಹೊರಗೆ ಬನ್ನಿ. ಸದ್ದು ಮಾಡುತ್ತಿದ್ದ ಬಂಡೆ ಇದ್ದಕ್ಕಿದ್ದಂತೆ ಮೌನವಾದರೂ ಸಮಾಧಾನ ಪಡಬೇಡಿ.

ಹಾರೆಯಿಂದ ಗೋಡೆ ಬಡಿದಾಗ 'ಟಣ್' ಅಂದರೆ ಒಳಗೆ ಗಟ್ಟಿ, 'ಡಬ್' ಅಂದರೆ ಹಿಂದೆ ಪೊಳ್ಳು. ಆದರೆ ಸಿಡಿಯುವ ಬಂಡೆಯಲ್ಲಿ ಸಡಿಲ ಕಲ್ಲನ್ನು ಕೈಯ ಹಾರೆಯಿಂದ ಎಬ್ಬಿಸಲು ಹೋಗಬೇಡಿ, ಅದು ಯಂತ್ರದ ಕೆಲಸ.

ಕನ್ವರ್ಜೆನ್ಸ್: ಗೋಡೆ ಒಳಗೆ ಬರುವುದನ್ನು ಅಳೆಯುವುದು

ಸುರಂಗದ ಒಂದು ಅಡ್ಡಸೀಳಿಕೆಯಲ್ಲಿ ನೆತ್ತಿಗೊಂದು, ಭುಜಗಳಿಗೆ ಎರಡು, ಗೋಡೆಗಳಿಗೆ ಎರಡು, ಹೀಗೆ ಐದು ಟಾರ್ಗೆಟ್ (ಯಂತ್ರ ಗುರಿಯಿಟ್ಟು ಓದುವ ಗುರುತು) ನೆಟ್ಟು ಟೋಟಲ್ ಸ್ಟೇಷನ್‌ನಿಂದ ಓದುವುದು ಇಂದಿನ ರೂಢಿ. ಸುರಂಗದ ದೂಳು, ಆವಿಯ ನಡುವೆ ಒಂದೆರಡು ಮಿಲಿಮೀಟರ್ ನಿಖರತೆ ಸಿಕ್ಕರೆ ಒಳ್ಳೆಯದು. ಇನ್ನೂ ಸೂಕ್ಷ್ಮ ಬೇಕಾದರೆ ಗೋಡೆಯಿಂದ ಗೋಡೆಗೆ ಟೇಪು ಎಳೆದು ಅಳೆಯುವ ಟೇಪ್ ಎಕ್ಸ್‌ಟೆನ್ಸೋಮೀಟರ್ ಇದೆ, ಆದರೆ ಓಡಾಟಕ್ಕೆ ಅಡ್ಡ.

ಇಲ್ಲಿ ಎಲ್ಲಕ್ಕಿಂತ ಮುಖ್ಯ ಮೊದಲ ರೀಡಿಂಗ್. ಫೇಸ್ ಒಂದು ಜಾಗಕ್ಕೆ ಬಂದು ಮುಟ್ಟುವಷ್ಟರಲ್ಲೇ ಅಲ್ಲಿನ ಒಟ್ಟು ಚಲನೆಯ ಸುಮಾರು ಮೂರನೆಯ ಒಂದು ಭಾಗ ಆಗಿಹೋಗಿರುತ್ತದೆ. ಅದನ್ನು ಒಳಗಿನಿಂದ ಅಳೆಯಲು ಆಗುವುದೇ ಇಲ್ಲ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಫೇಸ್ ಮುಂದೆ ಹೋದ ಮೊದಲ ಒಂದೆರಡು ವ್ಯಾಸದೊಳಗೆ ನಡೆದುಬಿಡುತ್ತದೆ. ಆದ್ದರಿಂದ ಟಾರ್ಗೆಟ್ ಫೇಸ್‌ನಿಂದ ಒಂದೆರಡು ಮೀಟರ್ ಒಳಗೇ ನೆಡಬೇಕು. ಮೊದಲ ರೀಡಿಂಗ್ ಮುಂದಿನ ಸ್ಫೋಟಕ್ಕಿಂತ ಮೊದಲೇ ಆಗಬೇಕು. ಹತ್ತು ಮೀಟರ್ ಹಿಂದೆ, ಮೂರು ದಿನ ತಡವಾಗಿ ನೆಟ್ಟ ಟಾರ್ಗೆಟ್ 'ಚಲನೆ ಇಲ್ಲ' ಎಂದು ಹೇಳಿದರೆ ಅದು ಸುಳ್ಳಲ್ಲ, ಆದರೆ ಜಾತ್ರೆ ಮುಗಿದ ಮೇಲೆ ಹೋಗಿ ಜನರೇ ಇರಲಿಲ್ಲ ಅಂದ ಹಾಗೆ.

ಅಂತರ ಎಷ್ಟು? ಒಳ್ಳೆಯ ಬಂಡೆಯಲ್ಲಿ 50 ಮೀಟರಿಗೊಂದು ಸೀಳಿಕೆ ಸಾಕು. ಕೆಟ್ಟದರಲ್ಲಿ 10ರಿಂದ 20 ಮೀಟರಿಗೊಂದು. ಫೇಸ್ ಹತ್ತಿರ ಇರುವಾಗ ದಿನಕ್ಕೆರಡು ಸಲ, ದೂರವಾದಂತೆ ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಓದಿ. ಪೂರ್ತಿ ನಿಲ್ಲಿಸಬೇಡಿ. 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ ಕುಸಿದದ್ದು ಫೇಸ್ ಅಲ್ಲ. ಬಾಗಿಲಿನಿಂದ ಇನ್ನೂರು ಚಿಲ್ಲರೆ ಮೀಟರ್ ಒಳಗೆ, ಕೆಲಸಗಾರರ ಬೆನ್ನ ಹಿಂದಿನ ಭಾಗ. 41 ಜನ 17ನೇ ದಿನ ಹೊರಬಂದರು. ಅದು ಆಳದ ಒತ್ತಡದ ಪ್ರಕರಣವಲ್ಲ, ದುರ್ಬಲ ಬಂಡೆಯದ್ದು. ಆದರೂ ಕೊರೆದು ದಾಟಿದ ಕೆಟ್ಟ ಪಟ್ಟಿಯನ್ನು ಮರೆಯಬಾರದು ಎಂಬುದಕ್ಕೆ ಅದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಈಗ ಗ್ರಾಫ್. ಎಲ್ಲರೂ ದಿನಾಂಕದ ಎದುರು ಚಲನೆ ಹಾಕುತ್ತಾರೆ. ಅದರ ಕೆಳಗೇ ಫೇಸ್ ಎಷ್ಟು ದೂರ ಹೋಗಿದೆ ಎಂಬ ಇನ್ನೊಂದು ಗೆರೆಯನ್ನೂ ಹಾಕಿ. ಆರೋಗ್ಯವಾದ ಸುರಂಗದಲ್ಲಿ ಗೆರೆ ಮೊದಲು ಏರಿ, ಫೇಸ್ ದೂರವಾದಂತೆ ಚಪ್ಪಟೆಯಾಗುತ್ತದೆ. ಫೇಸ್ ನಿಂತಾಗ ಗೆರೆಯೂ ನಿಲ್ಲಬೇಕು. ದೀಪಾವಳಿಗೆ ಕೆಲಸ ನಿಂತು, ಜನ ಊರಿಗೆ ಹೋಗಿದ್ದಾಗಲೂ ಗೋಡೆ ದಿನಕ್ಕೆ ಮೂರು ಮಿಲಿಮೀಟರ್ ಬರುತ್ತಿದ್ದರೆ ಅದು ನಿಮ್ಮ ಸ್ಫೋಟದ ಪರಿಣಾಮ ಅಲ್ಲ, ಬಂಡೆ ತಾನಾಗಿ ಹರಿಯುತ್ತಿದೆ, ಹಿಂಡುತ್ತಿದೆ. ರಜೆಯ ರೀಡಿಂಗ್‌ನಷ್ಟು ಸ್ಪಷ್ಟ ಸಾಕ್ಷಿ ಬೇರೆ ಸಿಗುವುದಿಲ್ಲ. ಸಾಮಾನ್ಯವಾಗಿ ಸರ್ವೇಯರ್‌ಗೂ ಅದೇ ದಿನ ರಜೆ ಕೊಟ್ಟಿರುತ್ತಾರೆ!

ಒಟ್ಟು ಚಲನೆಯನ್ನು ವ್ಯಾಸದ ಶೇಕಡಾವಾರು ಲೆಕ್ಕದಲ್ಲಿ ನೋಡಿ. ವ್ಯಾಸ ಶೇ 1ಕ್ಕಿಂತ ಕಡಿಮೆ ಕುಗ್ಗಿದರೆ ಸಾಮಾನ್ಯ ಆಧಾರ ಸಾಕು. 1ರಿಂದ 2.5 ಸಣ್ಣ ಹಿಂಡುವಿಕೆ, 2.5ರಿಂದ 5 ತೀವ್ರ, 5ರಿಂದ 10 ಅತಿ ತೀವ್ರ. 6 ಮೀಟರ್ ಸುರಂಗದಲ್ಲಿ ಶೇ 2.5 ಅಂದರೆ 15 ಸೆಂಟಿಮೀಟರ್. ಹೋಕ್ ಮತ್ತು ಮರಿನೋಸ್ 2000ನೇ ಇಸವಿಯಲ್ಲಿ ಮಾಡಿದ ಈ ವಿಂಗಡಣೆ ಸೈಟ್‌ಗಳಲ್ಲಿ ಈಗಲೂ ಕೆಲಸಕ್ಕೆ ಬರುತ್ತದೆ.

ಒಟ್ಟು ಎಷ್ಟು ಎಂಬುದಕ್ಕಿಂತ ವೇಗ ದೊಡ್ಡ ಸುದ್ದಿ. ನೂರು ಮಿಲಿಮೀಟರ್ ಬಂದು ಈಗ ದಿನಕ್ಕೆ ಅರ್ಧ ಮಿಲಿಮೀಟರಿಗೆ ಇಳಿದ ಗೋಡೆಗಿಂತ, ಇಪ್ಪತ್ತೇ ಬಂದು ದಿನದಿಂದ ದಿನಕ್ಕೆ ಜೋರಾಗುತ್ತಿರುವ ಗೋಡೆ ಅಪಾಯಕಾರಿ. ಜೋರಾಗುತ್ತಿದ್ದರೆ ವೇಗವನ್ನು ತಲೆಕೆಳಗು ಮಾಡಿ, ಒಂದನ್ನು ವೇಗದಿಂದ ಭಾಗಿಸಿ, ಗ್ರಾಫ್ ಹಾಕಿ. ದಿನಕ್ಕೆ 2, 2.5, 3.3, 5 ಮಿ.ಮೀ. ಆದರೆ ತಲೆಕೆಳಗಿನ ಅಂಕಿ 0.5, 0.4, 0.3, 0.2. ಗೆರೆ ಎಳೆದರೆ ಇನ್ನೆರಡು ದಿನಕ್ಕೆ ಸೊನ್ನೆ ಮುಟ್ಟುತ್ತದೆ. ಸೊನ್ನೆ ಅಂದರೆ ಕುಸಿತ. ಜಪಾನಿನ ಫುಕುಝೋನೋ 1985ರಲ್ಲಿ ಭೂಕುಸಿತಕ್ಕೆಂದು ತೋರಿಸಿದ ಉಪಾಯ ಇದು. ಹಿಂಡುವ, ಜಾರುವ ಬಂಡೆಗೆ ಹೊಂದುತ್ತದೆ. ಸಿಡಿಯುವ ಬಂಡೆಗೆ ಇದನ್ನು ನಂಬಬೇಡಿ, ಅದು ಎರಡು ದಿನದ ನೋಟಿಸ್ ಕೊಡುವುದಿಲ್ಲ.

ಒಂದು ಸ್ವಂತ ಅನುಭವ, ಸೈಟ್ ಹೆಸರು ಬೇಡ. ಒಂದು ಸೀಳಿಕೆಯ ರೀಡಿಂಗ್ ನಾಲ್ಕು ದಿನ 37.4, 37.4, 37.4, 37.4 ಎಂದು ಬಂದಿತ್ತು. ಮೀಟಿಂಗ್‌ನಲ್ಲಿ 'ಸ್ಥಿರವಾಗಿದೆ' ಎಂದು ನಾನೇ ಓದಿ ಹೇಳಿದೆ. ಐದನೇ ದಿನ ಹೋಗಿ ನೋಡಿದರೆ ಟಾರ್ಗೆಟ್ ಮೇಲೆ ಶಾಟ್‌ಕ್ರೀಟ್ ಹೊಡೆದಿದ್ದಾರೆ. ಸರ್ವೇ ಹುಡುಗ ಹಳೆಯ ಅಂಕಿಯನ್ನೇ ಇಳಿಸುತ್ತಾ ಬಂದಿದ್ದ. ಅವನನ್ನು ಬೈದು ಪ್ರಯೋಜನವಿರಲಿಲ್ಲ, ನಾನು ಗಮನಿಸಬೇಕಿತ್ತು. ನಿಜವಾದ ಅಳತೆ ಅರ್ಧ, ಒಂದು ಮಿಲಿಮೀಟರ್ ಹಿಂದೆ ಮುಂದೆ ಕುಣಿಯುತ್ತಲೇ ಇರುತ್ತದೆ. ಕುಣಿಯದ ಅಂಕಿ ಬಂದರೆ ಅಲ್ಲಿಗೆ ಯಾರೂ ಹೋಗಿಲ್ಲ ಅಂತಲೇ ತಿಳಿಯಿರಿ.

ಬಂಡೆಯೊಳಗೆ ಇಡುವ ಉಪಕರಣಗಳು

ಕನ್ವರ್ಜೆನ್ಸ್ ಹೇಳುವುದು ಚರ್ಮದ ಕಥೆ. ಒಳಗೆ ಎಷ್ಟು ಆಳದಿಂದ ಬಂಡೆ ಅಲುಗುತ್ತಿದೆ ಎಂದು ತಿಳಿಯಲು ಬಹುಬಿಂದು ಎಕ್ಸ್‌ಟೆನ್ಸೋಮೀಟರ್ ಬೇಕು. ಒಂದೇ ರಂಧ್ರದಲ್ಲಿ 1, 3, 6, 10 ಮೀಟರ್ ಹೀಗೆ ಬೇರೆ ಬೇರೆ ಆಳಕ್ಕೆ ಲಂಗರು. 1 ಮತ್ತು 3ರ ನಡುವೆ ಮಾತ್ರ ಹಿಗ್ಗುತ್ತಿದ್ದರೆ 4 ಮೀಟರಿನ ಬೋಲ್ಟ್ ಹಿಡಿಯುತ್ತದೆ. 6ನೆಯದೂ ಅಲುಗುತ್ತಿದ್ದರೆ ನಿಮ್ಮ ಬೋಲ್ಟ್ ಪೂರ್ತಿ ಅಲುಗುವ ಬಂಡೆಯೊಳಗೇ ಇದೆ. ಅತಿ ಆಳದ ಲಂಗರು ಅಲುಗದ ಬಂಡೆಯಲ್ಲಿ ಇರಲೇಬೇಕು. ಅದೂ ಜೊತೆಗೆ ಬರುತ್ತಿದ್ದರೆ ಲೆಕ್ಕವೆಲ್ಲ ಕಡಿಮೆ ತೋರುತ್ತದೆ.

ಬೋಲ್ಟ್ ತಲೆಗೆ ಹೊರೆ ಅಳೆಯುವ ಲೋಡ್ ಸೆಲ್, ಶಾಟ್‌ಕ್ರೀಟ್‌ನೊಳಗೆ ಒತ್ತಡ ಅಳೆಯುವ ಪ್ರೆಷರ್ ಸೆಲ್, ಕಮಾನಿನ ಮೇಲೆ ಸ್ಟ್ರೇನ್ ಗೇಜ್, ನೀರಿನ ಒತ್ತಡಕ್ಕೆ ಪಿಯೆಜೋಮೀಟರ್ ಇವು ಗೊತ್ತಿರುವವೇ. ಎರಡು ಮಾತು ಸಾಕು. ಲೋಡ್ ಸೆಲ್ ಏರುತ್ತಾ ಹೋಗಿ ಇದ್ದಕ್ಕಿದ್ದಂತೆ ಸೊನ್ನೆಗೆ ಬಂದರೆ ಒತ್ತಡ ಕಡಿಮೆಯಾಯಿತು ಎಂದುಕೊಳ್ಳಬೇಡಿ, ಬೋಲ್ಟ್ ತುಂಡಾಗಿದೆಯೇ ನೋಡಿ. ಇನ್ನೊಂದು, ಕೇಬಲ್‌ಗೆ ಕಬ್ಬಿಣದ ಪೈಪಿನ ರಕ್ಷಣೆ ಕೊಡಿ. ಸುರಂಗದಲ್ಲಿ ಉಪಕರಣ ಕೊಲ್ಲುವುದು ಬಂಡೆಯಲ್ಲ, ಲೋಡರ್‌ನ ಬಕೆಟ್.

ಮೈಕ್ರೋಸೈಸ್ಮಿಕ್: ಬಂಡೆಯ ಮಾತನ್ನು ಯಂತ್ರದಿಂದ ಕೇಳುವುದು

ಫೋರ್ಮನ್ ಕಿವಿಗೆ ಕೇಳುವುದು ಬಹಳ ಸ್ವಲ್ಪ. ಅದಕ್ಕಿಂತ ಎಷ್ಟೋ ಸಣ್ಣ ಬಿರುಕುಗಳ ಸದ್ದನ್ನು ಜಿಯೋಫೋನ್, ಅಕ್ಸೆಲೆರೋಮೀಟರ್ ಎಂಬ ಕಂಪನ ಹಿಡಿಯುವ ಸೆನ್ಸರ್‌ಗಳು ಹಿಡಿಯುತ್ತವೆ. ಒಂದು ಸದ್ದು ಎಲ್ಲಿ, ಯಾವಾಗ ಹುಟ್ಟಿತು ಎಂದು ಹೇಳಲು ಕನಿಷ್ಠ ನಾಲ್ಕು ಸೆನ್ಸರ್ ಬೇಕು. ಕೆಲಸಕ್ಕೆ ಆಗಬೇಕಾದರೆ ಆರೆಂಟು ಇರಲಿ. ಗೋಡೆಗೆ ಅಂಟಿಸುವ ಬದಲು ರಂಧ್ರ ಕೊರೆದು ಗಟ್ಟಿ ಬಂಡೆಯಲ್ಲಿ ಗ್ರೌಟ್ (ಸಿಮೆಂಟ್ ಗಾರೆ) ಹಾಕಿ ಕೂರಿಸಿ.

ಗಣಿಯಲ್ಲಿ ಸೆನ್ಸರ್‌ಗಳನ್ನು ಅಪಾಯದ ಜಾಗದ ಸುತ್ತ ಬೇರೆ ಬೇರೆ ಹಂತಗಳಲ್ಲಿ ಹರಡಬಹುದು. ಸುರಂಗದಲ್ಲಿ ಆ ಅನುಕೂಲ ಇಲ್ಲ. ಎಲ್ಲ ಸೆನ್ಸರೂ ಫೇಸ್‌ನ ಹಿಂದೆ, ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿ. ಹಾಗಾಗಿ ಫೇಸ್‌ನ ಮುಂದಿನ ಜಾಗ ಗುರುತಿಸುವಲ್ಲಿ ತಪ್ಪು ಹೆಚ್ಚು. ಸೆನ್ಸರ್‌ಗಳನ್ನು ಎಡ, ಬಲ, ನೆತ್ತಿ ಎಂದು ಚದುರಿಸಿ, ಬೇರೆ ಬೇರೆ ಆಳಕ್ಕೆ ಇಳಿಸಿ, ಫೇಸ್ ಮುಂದೆ ಹೋದಂತೆ ಅವನ್ನೂ ಮುಂದೆ ಒಯ್ಯಿರಿ. ಅಲೆಯ ವೇಗ ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ 5ರಿಂದ 6 ಕಿ.ಮೀ.; ಒಂದು ಮಿಲಿಸೆಕೆಂಡ್ ತಪ್ಪಿದರೆ ಜಾಗ ಐದಾರು ಮೀಟರ್ ತಪ್ಪುತ್ತದೆ. ನಿಮ್ಮದೇ ಸ್ಫೋಟದ ಜಾಗ ನಿಮಗೆ ಗೊತ್ತಲ್ಲ, ಅದನ್ನು ಯಂತ್ರ ಎಲ್ಲಿ ತೋರಿಸುತ್ತದೆ ನೋಡಿ ವೇಗ ಸರಿಪಡಿಸಿಕೊಳ್ಳಿ. ಡ್ರಿಲ್, ಟಿಪ್ಪರ್, ಫ್ಯಾನ್ ಸದ್ದನ್ನು ಬೇರ್ಪಡಿಸಲು ಮೊದಲ ಎರಡು ವಾರ ಒಬ್ಬ ಮನುಷ್ಯನೇ ಕೂತು ಅಲೆಗಳನ್ನು ನೋಡಬೇಕು.

ಗಮನಿಸುವುದು ಏನನ್ನು? ಗಂಟೆಗೆ ಎಷ್ಟು ಸದ್ದು, ಅವುಗಳ ಶಕ್ತಿ ಎಷ್ಟು, ಒಂದೇ ಕಡೆ ಗುಂಪುಗೂಡುತ್ತಿವೆಯೇ? ತೀವ್ರತೆ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರಿದಂತೆ. ಚದುರಿದ ಸಣ್ಣ ಸದ್ದುಗಳು ಮಾಮೂಲಿ. ಸಣ್ಣವುಗಳ ಪಾಲು ಇಳಿದು ದೊಡ್ಡವುಗಳ ಪಾಲು ಏರುತ್ತಾ, ಎಲ್ಲವೂ ನೆತ್ತಿಯ ಒಂದು ಮೂಲೆಯಲ್ಲೋ ಒಂದು ಬಿರುಕಿನ ಉದ್ದಕ್ಕೋ ಸೇರತೊಡಗಿದರೆ ಎಚ್ಚರ. ಆದರೆ ಇಂಥ ಸಮಯಕ್ಕೆ ಸಿಡಿಯುತ್ತದೆ ಎಂದು ಹೇಳಿಕೊಳ್ಳುವ ಮಾರಾಟಗಾರರನ್ನು ನಂಬಬೇಡಿ. ಇದು ಅಪಾಯ ಎಲ್ಲಿದೆ, ಹೆಚ್ಚುತ್ತಿದೆಯೇ ಎಂದು ಹೇಳುತ್ತದೆ, ಅಷ್ಟೇ.

ಮಿತಿ ಹಾಕುವುದು, ನಿಲ್ಲಿಸುವ ಅಧಿಕಾರ ಕೊಡುವುದು

ಹಸಿರು, ಹಳದಿ, ಕೆಂಪು ಎಂಬ ಮೂರು ಹಂತ ಎಲ್ಲ ಸೈಟ್‌ನಲ್ಲೂ ಗೋಡೆಗೆ ಅಂಟಿಸಿರುತ್ತಾರೆ. ಅಂಕಿಗಳನ್ನು ಬೇರೆ ಯೋಜನೆಯಿಂದ ನಕಲು ಮಾಡಬೇಡಿ. ಮೊದಲ ಲೆಕ್ಕದಿಂದ ಬಂದ ಅಂದಾಜಿನಿಂದ ಶುರು ಮಾಡಿ, ಮೊದಲ ಇನ್ನೂರು ಮೀಟರಿನ ನಿಜವಾದ ಅಳತೆ ನೋಡಿ ತಿದ್ದಿ. ಪ್ರತಿ ಹಂತಕ್ಕೂ ಅಂಕಿಯ ಜೊತೆ ಮೂರು ವಿಷಯ ಬರೆದಿರಬೇಕು: ಏನು ಮಾಡುವುದು, ಎಷ್ಟು ಹೊತ್ತಿನಲ್ಲಿ, ಯಾರು. 'ಸಂಬಂಧಪಟ್ಟವರಿಗೆ ತಿಳಿಸುವುದು' ಎಂದು ಬರೆದರೆ ಯಾರೂ ತಿಳಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಪ್ರಾಜೆಕ್ಟ್ ಮ್ಯಾನೇಜರ್ ಫೋನ್ ಎತ್ತದಿದ್ದರೂ ಶಿಫ್ಟ್ ಇಂಜಿನಿಯರ್ ಕೆಲಸ ನಿಲ್ಲಿಸಬಹುದು ಎಂಬ ಸಾಲು ಆ ಹಾಳೆಯಲ್ಲಿ ಇರಲೇಬೇಕು, ಸಹಿ ಸಮೇತ. ಇದೊಂದು ಸಾಲಿಗಾಗಿ ನಾನು ವಾರಗಟ್ಟಲೆ ಜಗಳವಾಡಿದ್ದೇನೆ. ಉಪಕರಣಕ್ಕೆ ಕೋಟಿ ಕೊಡುತ್ತಾರೆ, ಈ ಸಾಲಿಗೆ ಸಹಿ ಹಾಕಲು ಹಿಂದೆಮುಂದೆ ನೋಡುತ್ತಾರೆ.

ಹಳದಿ ಬಂದಾಗ ಸಿಡಿಯುವ ಬಂಡೆಯಲ್ಲಿ ಸ್ಫೋಟದ ಉದ್ದ ಕಡಿಮೆ ಮಾಡಿ. ಜನರನ್ನು ಹಿಂದಕ್ಕೆ ಕಳಿಸಿ, ಯಂತ್ರದಿಂದಲೇ ಬೋಲ್ಟ್ ಹಾಕಿ. ಬೋಲ್ಟ್ ಮಾಮೂಲಿಯದಲ್ಲ, ಹಿಗ್ಗಿ ಶಕ್ತಿ ಹೀರುವಂಥದ್ದು, ಜೊತೆಗೆ ಬಲೆ. ಫೇಸ್‌ನಲ್ಲಿ ರಂಧ್ರ ಕೊರೆದೋ ಸಣ್ಣ ಸ್ಫೋಟ ಮಾಡಿಯೋ ಒತ್ತಡ ಸಡಿಲಿಸುವ ಕ್ರಮವೂ ಇದೆ. ಅನುಭವಸ್ಥರಿಲ್ಲದೆ ಕೈ ಹಾಕಬೇಡಿ. ಹಿಂಡುವ ಬಂಡೆಯಲ್ಲಿ ಇದಕ್ಕೆ ತದ್ವಿರುದ್ಧ. ದಪ್ಪ ಕಾಂಕ್ರೀಟ್ ಹಾಕಿ ಬೇಗ ಗಟ್ಟಿ ಮಾಡೋಣ ಅನ್ನಿಸುತ್ತದೆ, ಹಾಗೆ ಮಾಡಿದರೆ ಅದೇ ಒಡೆಯುತ್ತದೆ. ಸ್ವಲ್ಪ ಬರಲು ಬಿಟ್ಟು, ಜಾರುವ ಕಮಾನು, ಉದ್ದ ಬೋಲ್ಟ್, ತಳಕ್ಕೂ ಆಧಾರ ಹಾಕಿ ಸುತ್ತಲಿನ ಉಂಗುರ ಮುಚ್ಚುವುದು, ಈ ಕ್ರಮದಲ್ಲಿ ಹಿಡಿದು ನಿಲ್ಲಿಸಬೇಕು.

ಸ್ಫೋಟದ ಬಳಿಕ ಮತ್ತೆ ಒಳಗೆ ಹೋಗುವುದು

ಫೇಸ್ ಹತ್ತಿರದ ಸಿಡಿತಗಳಲ್ಲಿ ಹೆಚ್ಚಿನವು ಸ್ಫೋಟದ ಬಳಿಕದ ಕೆಲವು ಗಂಟೆಗಳಲ್ಲೇ ಆಗುತ್ತವೆ. ಹೊಗೆ ಹೋಗಲು ಕೊಡುವ ಅರ್ಧ ಗಂಟೆ ಬಂಡೆಗೆ ಸಾಲದು. ಮೈಕ್ರೋಸೈಸ್ಮಿಕ್ ಇದ್ದರೆ ಗಂಟೆವಾರು ಎಣಿಕೆ ನೋಡಿ. ಸ್ಫೋಟದ ಬಳಿಕ ಏರಿದ ಎಣಿಕೆ ಭೂಕಂಪದ ಮರುಕಂಪನಗಳ ಹಾಗೆ ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಸ್ಫೋಟಕ್ಕೆ ಮೊದಲಿದ್ದ ಮಟ್ಟಕ್ಕೆ ಇಳಿದು ಸ್ವಲ್ಪ ಹೊತ್ತು ಅಲ್ಲೇ ನಿಂತ ಮೇಲೆ ಬಾಗಿಲು ತೆರೆಯಿರಿ. ಇಳಿಯದೆ ಮತ್ತೆ ಏರಿದರೆ ಗಡಿಯಾರ ಮೊದಲಿನಿಂದ ಶುರು. ಜಾಲ ಇಲ್ಲದಿದ್ದರೆ ಗೀಟು ಹಾಕಿ ಎಣಿಸುವ ಹಳೆಯ ಪದ್ಧತಿಯೇ ಗತಿ, ಅದೂ ಬೋಲ್ಟ್ ಹಾಕಿದ ಜಾಗದಲ್ಲಿ ನಿಂತು.

ಮೊದಲು ಒಳಗೆ ಹೋಗುವವರು ಇಬ್ಬರೇ, ಜಿಯಾಲಜಿಸ್ಟ್ ಮತ್ತು ಶಿಫ್ಟ್ ಇಂಜಿನಿಯರ್. ಒಬ್ಬರ ಕೈಯಲ್ಲಿ ಟಾರ್ಚ್, ಇನ್ನೊಬ್ಬರ ಕೈಯಲ್ಲಿ ಉದ್ದ ಹಾರೆ. ಲೋಡರ್ ಹೊರಗೇ ನಿಂತು ಇಂಜಿನ್ ಆರಿಸಿರಬೇಕು, ಇಲ್ಲದಿದ್ದರೆ ಏನೂ ಕೇಳಿಸುವುದಿಲ್ಲ. ಕೊನೆಯ ಬೋಲ್ಟ್ ಸಾಲಿನವರೆಗೆ ನಡೆದು ಬಂದು ಅಲ್ಲೇ ನಿಲ್ಲಿ. ತಲೆಯ ಮೇಲಿನ ಶಾಟ್‌ಕ್ರೀಟ್ ಅನ್ನು ಭುಜದಿಂದ ಭುಜದವರೆಗೆ ಬಡಿದು ನೋಡಿ, 'ಡಬ್' ಅಂದ ಜಾಗಕ್ಕೆ ಬಣ್ಣದ ಸ್ಪ್ರೇ ಹೊಡೆದು, ಹಾರೆ ಕೆಳಗಿಟ್ಟು ವಾಪಸ್ ಬನ್ನಿ. ಸ್ಕೇಲಿಂಗ್ ಯಂತ್ರ ಅದನ್ನು ಕೆಡವಿದ ಮೇಲೆಯೇ ಮೂರನೆಯವನು ಒಳಗೆ ಕಾಲಿಡಲಿ.